ಒಲೆಯ ಮಗ್ಗುಲ ಗೂಡು

ಕಳೆದ ಡಿಸೆಂಬರಿನಲ್ಲಿ ಒಂದು ರಾತ್ರಿ ಊಟಕ್ಕೆ ಕೂತಿದ್ದೆ. ಊರಿನಿಂದ ಅಣ್ಣನ ಮಗಳ ಫೋನು ಬಂತು.

“ಕಾಕಾ, ಹದಿನೈದು ದಿನ ಆತು. ಹನ್ನೆರಡು ಕ್ವಾಳಿ ಅವ, ಒಂದರೆ ತತ್ತಿ ಇಡಲತ್ತಿಲ್ಲ. ತಿನ್ನೋದೇನು ಕಮ್ಮಿ ಮಾಡಿಲ್ಲ. ನೀ ಫಾರ್ಮಿನ್ಯಾಗ ಕೆಲಸ ಮಾಡಿದವ, ಏನರೆ ಹೇಳು.”

ಅಂಗಳದಲ್ಲಿ ಪುಕ್ಕ ಬಿದ್ದಿವೆಯೇ ಎಂದು ಕೇಳಿದೆ. ದಿನಾ ಬುಟ್ಟಿ ತುಂಬ ಗುಡಿಸಿ ಹಾಕುತ್ತಿದ್ದೇನೆ ಎಂದಳು. ಎರಡು ಕೋಳಿಗಳ ಕುತ್ತಿಗೆ ಬೋಳಾಗಿದೆಯಂತೆ. ಅವಳು ಸಾಕಿರುವುದು ಗ್ರಾಮಪ್ರಿಯಾ, ಹೈದರಾಬಾದಿನ ರಾಜೇಂದ್ರನಗರದ ಕೋಳಿ ಸಂಶೋಧನಾ ನಿರ್ದೇಶನಾಲಯದವರು ಹಳ್ಳಿಯ ಹಿತ್ತಲಿಗೆಂದೇ ಬೆಳೆಸಿದ ತಳಿ. ಕಾವಿಗೆ ಕೂರುವ ಗೋಜಿಲ್ಲದೆ ಇಡುತ್ತಲೇ ಹೋಗುತ್ತದೆ. ಅಂಥದ್ದೂ ನಿಲ್ಲಿಸಿದೆ ಎಂದರೆ ಗರಿ ಉದುರಿಸುವ ಹೊತ್ತು ಬಂದಿದೆ. ಹೊಸ ಗರಿ ಹುಟ್ಟಿಸುವುದಕ್ಕೇ ಮೈಯ ಕಸುವೆಲ್ಲ ಹೋಗುತ್ತದೆ, ತತ್ತಿಗೆ ಉಳಿಯುವುದಿಲ್ಲ. ಹಗಲು ಗಿಡ್ಡ ಆದದ್ದು ಅದಕ್ಕೆ ಸೂಚನೆ.

ನಾನು ಬಲ್ಲವನ ಗತ್ತಿನಲ್ಲಿ ಹೇಳಿದೆ: ಹಿಂಡಿ ಸ್ವಲ್ಪ ಹೆಚ್ಚು ಹಾಕು, ತತ್ತಿಯ ಓಡು ಕುಟ್ಟಿ ಸಂಜೆ ಕೊಡು, ಗೂಡಿನಲ್ಲಿ ಒಂದು ಸಣ್ಣ ಬಲ್ಬು ಕಟ್ಟು. ನಸುಕಿನ ನಾಲ್ಕಕ್ಕೆ ಹಚ್ಚಿ, ಹೊತ್ತು ಏರಿದ ಮೇಲೆ ಆರಿಸು.

“ನಾಲ್ಕಕ್ಕ ಎದ್ದು ಯಾರು ಹಚ್ಚತಾರ ಕಾಕಾ?”

ಅವಳು ಸುಮ್ಮನೆ ಕೇಳಿದ್ದು. ನಾನು ಕೈಯಲ್ಲಿದ್ದ ತುತ್ತು ಹಿಡಿದುಕೊಂಡೇ ಕೂತೆ.

ನಮ್ಮೂರು ಜಹೀರಾಬಾದಿಗೆ ಸೇರಿದ್ದು, ನ್ಯಾಲ್ಕಲ್ ಮಗ್ಗುಲಿನದು. ಊರ ಗುಡ್ಡ ಹತ್ತಿದರೆ ಕರ್ನಾಟಕ ಕಾಣುತ್ತದೆ. 1956ರ ನವೆಂಬರಿನಲ್ಲಿ ಹೈದರಾಬಾದ್ ರಾಜ್ಯ ಹರಿದು ಹಂಚಿಹೋದಾಗ ಬೀದರ ಆ ಕಡೆಗೆ ಹೋಯಿತು, ನಾವು ಈ ಕಡೆಗೆ ಉಳಿದೆವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು. ಕನ್ನಡದ ಅಕ್ಷರವನ್ನು ನಾನು ಬೀದರದಲ್ಲಿ ಕಾಲೇಜಿಗೆ ಹೋಗುವಾಗ ಅಂಗಡಿ ಬೋರ್ಡು ಓದುತ್ತ ಕಲಿತವನು. ತತ್ತಿಗೆ ತೆಲುಗಿನಲ್ಲಿ ಗುಡ್ಡು, ಉರ್ದುವಿನಲ್ಲಿ ಅಂಡಾ ಎನ್ನಬೇಕೆಂದು ಗೊತ್ತಾಗುವ ಮೊದಲೇ ಏಳು ವರ್ಷದ ನನ್ನನ್ನು ಆಯಿ ಜಹೀರಾಬಾದಿನ ಸಂತೆಯಲ್ಲಿ ಬುಟ್ಟಿ ಕೊಟ್ಟು ಕೂರಿಸಿದ್ದಳು. “ತತ್ತಿ, ತತ್ತಿ” ಎಂದು ನಾನು ಕೂಗಿದ್ದೇ ತಡ, ಬಾಜುವಿನ ಬಳೆಗಾರ ಬಿದ್ದು ಬಿದ್ದು ನಕ್ಕ. ಅವನ ಮಾತಿನಲ್ಲಿ ಅದರ ನೆರೆಯ ಒಂದು ಶಬ್ದಕ್ಕೆ ಇರುವ ಅರ್ಥವನ್ನು ಇಲ್ಲಿ ಬರೆಯಲಾರೆ. ಆಮೇಲೆ ನಾನು ಸಂತೆಯಲ್ಲಿ ಬಾಯಿ ಬಿಡಲಿಲ್ಲ. ತತ್ತಿ ತಾವಾಗಿಯೇ ಮಾರಾಟವಾದವು, ಥಂಡಿಯಲ್ಲಿ ಜವಾರಿ ತತ್ತಿಗೆ ಕೂಗುವ ಅಗತ್ಯವೇ ಇರಲಿಲ್ಲ.

ಆಯಿ ಎಂದರೆ ಅಪ್ಪನ ತಾಯಿ. ಅವಳ ಕೋಳಿಗಳು ಇದ್ದದ್ದು ಅಡುಗೆಮನೆಯಲ್ಲಿ. ಮಣ್ಣಿನ ಗೋಡೆ ಎರಡು ಮೊಳ ದಪ್ಪ. ಅದರ ಬುಡದಲ್ಲಿ, ಒಲೆಯಿಂದ ಮೂರು ಹೆಜ್ಜೆಗೆ, ಗೋಡೆ ಕೊರೆದು ಮಾಡಿದ ಗೂಡು. ಎದುರಿಗೆ ಬಿದಿರಿನ ತಟ್ಟಿ, ತಟ್ಟಿಗೆ ಆಸರೆಯಾಗಿ ಒಂದು ಒಳ್ಳು. ಒಳಗೆ ಎಂಟು ಹ್ಯಾಟಿ, ಒಂದು ಹುಂಜ. ರಾತ್ರಿ ಊಟಕ್ಕೆ ಕೂತರೆ ತಟ್ಟಿಯ ಸಂದಿಯಿಂದ ಒಂಬತ್ತು ಜೊತೆ ಕಣ್ಣು ನಮ್ಮ ಗಂಗಾಳವನ್ನೇ ನೋಡುತ್ತಿದ್ದವು. ವಾಸನೆ ಇತ್ತು. ಹೇನೂ ಇದ್ದವು, ಬೇಸಿಗೆಯಲ್ಲಿ ಒಮ್ಮೊಮ್ಮೆ ಅವ್ವ ಮೈ ಕೆರೆದುಕೊಳ್ಳುತ್ತ ಅತ್ತೆಯ ಕೋಳಿಗಳಿಗೆಲ್ಲ ಶಾಪ ಹಾಕುತ್ತಿದ್ದಳು. ವಾರಕ್ಕೊಮ್ಮೆ ಆಯಿ ಒಲೆಯ ಬೂದಿಯನ್ನೇ ಗೂಡಿಗೆ ಚೆಲ್ಲುತ್ತಿದ್ದಳು, ಕೋಳಿಗಳು ಅದರಲ್ಲಿ ಹೊರಳಾಡುತ್ತಿದ್ದವು. ಅಡುಗೆಮನೆಯ ಗೋಡೆಗೆ ಹಬ್ಬಕ್ಕೆ ಬಳಿದ ಸುಣ್ಣ ಮೊಣಕಾಲೆತ್ತರದ ತನಕ ಎಂದೂ ಉಳಿಯಲಿಲ್ಲ, ಅಷ್ಟನ್ನೂ ಕುಕ್ಕಿ ತಿಂದಿರುತ್ತಿದ್ದವು. ಓಡು ಗಟ್ಟಿಯಾಗುವುದಕ್ಕೆ ಸುಣ್ಣ ಬೇಕೆಂದು ಅವುಗಳಿಗೆ ಹೇಳಿಕೊಡುವವರು ಬೇಕಿರಲಿಲ್ಲ.

ಎಂಟೂ ಹ್ಯಾಟಿ ಜವಾರಿ. ಹನ್ನೆರಡು, ಹದಿನೈದು ಇಟ್ಟು ಕಾವಿಗೆ ಕೂತುಬಿಡುವ ಜಾತಿ. ವರ್ಷವಿಡೀ ಲೆಕ್ಕ ಹಾಕಿದರೆ ಒಂದು ಕೋಳಿಗೆ ಐವತ್ತು, ಅರವತ್ತು ತತ್ತಿ, ಅಷ್ಟೇ. ಆಯಿ ಎರಡನ್ನು ಮಾತ್ರ ಕಾವಿಗೆ ಕೂರಿಸುತ್ತಿದ್ದಳು. ಬುಟ್ಟಿಯಲ್ಲಿ ಹೊಟ್ಟು, ಹೊಟ್ಟಿನ ಮೇಲೆ ತತ್ತಿ, ತತ್ತಿಯ ನಡುವೆ ಗುಡುಗಿಗೆ ಬೆದರದಿರಲೆಂದು ಒಂದು ಇದ್ದಲಿ, ಒಂದು ಕೆಂಪು ಮೆಣಸಿನಕಾಯಿ, ಒಂದು ಕಬ್ಬಿಣದ ಚೂರು. ಉಳಿದವು ಕಾವಿಗೆ ಕೂತರೆ ಕಾಲು ಹಿಡಿದು ತಣ್ಣೀರಲ್ಲಿ ಮುಳುಗಿಸಿ ಎತ್ತುತ್ತಿದ್ದಳು. ನನಗೆ ಅದು ಕ್ರೂರವೆನಿಸುತ್ತಿತ್ತು. ಹೊಟ್ಟೆಯ ಕಾವು ಇಳಿದರೆ ಮತ್ತೆ ಇಡಲು ಶುರು ಮಾಡುತ್ತವೆ ಎಂದು ಅವಳಿಗೆ ಗೊತ್ತಿತ್ತು.

ಆ ಕೋಳಿಗಳು ಚಳಿಗಾಲದಲ್ಲೂ ಇಡುತ್ತಿದ್ದವು. ಸುಗ್ಗಿಯ ಹಾಗೆ ಅಲ್ಲ, ಆದರೂ ದಿನಕ್ಕೆ ಮೂರು, ಒಮ್ಮೊಮ್ಮೆ ನಾಲ್ಕು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೊರಡುವ ಹೊತ್ತಿಗೆ ಊರಿನಲ್ಲಿ ಬೇರೆ ಯಾರ ಮನೆಯಲ್ಲೂ ತತ್ತಿ ಇರುತ್ತಿರಲಿಲ್ಲ, ಆಯಿಯ ಜೋಳದ ಗಡಿಗೆಯಲ್ಲಿ ಹೂತಿಟ್ಟ ಇಪ್ಪತ್ತಾದರೂ ಇರುತ್ತಿದ್ದವು. ಬಾಣಂತಿ ಇದ್ದ ಮನೆಯವರು, ಕೆಮ್ಮು ಹತ್ತಿದವರು, ಜಹೀರಾಬಾದಿನ ಹೋಟೆಲಿಗೆ ಒಯ್ಯುವ ಸೈಕಲ್ಲಿನವನು, ಎಲ್ಲರೂ ನಮ್ಮ ಬಾಗಿಲಿಗೆ. ಉಳಿದ ದಿನ ಎಂಟಾಣೆ, ಥಂಡಿಯಲ್ಲಿ ಬಾರಾಣೆ. ಆ ದುಡ್ಡು ಅಪ್ಪನ ಕೈಗೆ ಎಂದೂ ಹೋಗಲಿಲ್ಲ. ಮೊಮ್ಮಕ್ಕಳಿಗೆ ಸ್ಲೇಟು, ಬಟ್ಟೆ ಕೊಡಿಸಿದಳು ಎಂದು ಬರೆಯಲು ನನಗೂ ಆಸೆ. ಆಯಿ ಅದರಲ್ಲಿ ತಂಬಾಕು ಕೊಳ್ಳುತ್ತಿದ್ದಳು, ಮಿಕ್ಕದ್ದನ್ನು ಓಣಿಯ ಹೆಂಗಸರಿಗೆ ಬಡ್ಡಿಗೆ ಕೊಡುತ್ತಿದ್ದಳು. ಅಸಲು ತಿರುಗಿಸದವರ ಮನೆ ಮುಂದೆ ನಿಂತು ಅವಳು ಆಡಿದ ಮಾತುಗಳನ್ನು ಕೇಳಿಯೇ ನನಗೆ ಉರ್ದು ಬೈಗುಳ ಬಂದದ್ದು.

ನಾರಾಯಣಖೇಡದ ಕಡೆ ಕೊಟ್ಟಿದ್ದ ನಮ್ಮ ಸ್ವಾದರತ್ತೆಗೆ ಇದು ಹೊಟ್ಟೆಯುರಿ. ಅವಳ ಹ್ಯಾಟಿಗಳೆಲ್ಲ ಆಯಿಯೇ ತವರಿನಿಂದ ಕಟ್ಟಿಕೊಟ್ಟ ತಳಿ, ಇವುಗಳದೇ ತಂಗಿ, ಮಕ್ಕಳು. ಅಲ್ಲಿಯೂ ಇದೇ ಜೋಳ, ಇದೇ ತೊಗರಿ. ಆದರೆ ದೀಪಾವಳಿ ಕಳೆದರೆ ಸಾಕು, ಶಿವರಾತ್ರಿಯ ತನಕ ತತ್ತಿ ಬಂದ್. “ನಮ್ಮ ನೀರ ಸರಿಯಿಲ್ಲೇನೋ ಯವ್ವಾ” ಎನ್ನುವಳು. “ನೀರಿಗ್ಯಾಕ ಬೈತಿ, ಓಣ್ಯಾಗಿನ ಕಣ್ಣಿಗಿ ಬೈ” ಎನ್ನುವಳು ಆಯಿ. ಒಮ್ಮೆ ನಿಂಬೆಹಣ್ಣು ಮಂತ್ರಿಸಿ ಕಳಿಸಿದಳು. ಆ ನಿಂಬೆಹಣ್ಣನ್ನು ಬಸ್ಸಿನಲ್ಲಿ ಒಯ್ದವನು ನಾನೇ. ಅತ್ತೆಯ ಕೋಳಿಗಳು ರಾತ್ರಿ ಕೂರುತ್ತಿದ್ದುದು ಮನೆಯ ಹಿಂದಿನ ಹುಣಸೆ ಮರದಲ್ಲಿ. ನಾನು ಅದನ್ನು ನೋಡಿದ್ದೆ. ನೋಡಿಯೂ ಏನನ್ನೂ ಕಂಡಿರಲಿಲ್ಲ.

ಚಳಿಗಾಲದ ತತ್ತಿಗೆ ಕಾರಣ ಏನೆಂದು ಯಾರಾದರೂ ಆಗ ಕೇಳಿದ್ದರೆ ನಾನು ತೊಗರಿ ಹುಳ ಎನ್ನುತ್ತಿದ್ದೆ. ನವೆಂಬರು, ಡಿಸೆಂಬರಿನಲ್ಲಿ ತೊಗರಿ ಕಾಯಿ ಕಟ್ಟುವಾಗ ಕಾಯಿಕೊರಕ ಬೀಳುತ್ತದೆ. ಶಾಲೆ ಬಿಟ್ಟ ಮೇಲೆ ನಮ್ಮ ಕೆಲಸ ಅದೇ: ಸಾಲಿನ ನಡುವೆ ಹಳೆಯ ಸೀರೆ ಹಾಸಿ ಗಿಡ ಹಿಡಿದು ಜಾಡಿಸುವುದು. ಹಸಿರು ಹುಳಗಳು ಮಳೆಯ ಹಾಗೆ ಉದುರುತ್ತಿದ್ದವು. ಡಾಲ್ಡಾ ಡಬ್ಬಿ ತುಂಬಿ ತಂದು ಅಂಗಳದಲ್ಲಿ ಸುರಿದರೆ ಎಂಟೂ ಹ್ಯಾಟಿ ಒಂದರ ಮೇಲೊಂದು ಬಿದ್ದು ಮುಗಿಸುತ್ತಿದ್ದವು. ಪಟಾನಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳು ಹೀಗೆ ಗಿಡ ಜಾಡಿಸುವುದನ್ನೇ ರೈತರಿಗೆ ಹೇಳಿದರೆಂದು ಬಹಳ ವರ್ಷದ ಮೇಲೆ ಓದಿ, ನಮ್ಮ ಡಾಲ್ಡಾ ಡಬ್ಬಿಗೂ ಒಂದು ಮರ್ಯಾದೆ ಬಂತೆನಿಸಿತು. ಆದರೆ ಅಷ್ಟರಲ್ಲಿ ಎಲ್ಲರೂ ಬೆನ್ನಿಗೆ ಪಂಪು ಕಟ್ಟಿದ್ದರು. 1997-98ರಲ್ಲಿ ಗಡಿಯಾಚೆ ಕಲಬುರಗಿ ಸೀಮೆಯ ತೊಗರಿಯನ್ನು ಆ ಹುಳ ಬೋಳಿಸಿಬಿಟ್ಟಿತು, ಯಾವ ಔಷಧಿಗೂ ಬಗ್ಗದಷ್ಟು ಮೊಂಡಾಗಿತ್ತು. ನಮ್ಮ ಹೊಲದಲ್ಲೂ ಅಪ್ಪ ವಾರಕ್ಕೊಮ್ಮೆ ಹೊಡೆಯುತ್ತಿದ್ದ. ಹೊಡೆದ ಮರುದಿನ ಬದುವಿಗೆ ಹೋಗಿ ಸತ್ತ ಹುಳ ತಿಂದು ಬಂದ ನಾಲ್ಕು ಹ್ಯಾಟಿಗಳು ಒಲೆಯ ಮುಂದೆ ಕುತ್ತಿಗೆ ತಿರುಚಿ ಬಿದ್ದವು. ಆಯಿ ಅಪ್ಪನ ಜೊತೆ ಒಂದು ತಿಂಗಳು ಮಾತಾಡಲಿಲ್ಲ.

ನಾನು ಆಗ ಕೆಲಸದಲ್ಲಿದ್ದೆ. ಹೆದ್ದಾರಿಯ ಬದಿಯ ಒಂದು ತತ್ತಿಕೋಳಿ ಫಾರ್ಮಿನಲ್ಲಿ ಸೂಪರ್‌ವೈಸರು. ಸಂಬಳ ಕಡಿಮೆ, ಹೆಸರು ದೊಡ್ಡದು. ಬಿಳಿ ಕೋಳಿಗಳು, ಒಂದೊಂದು ಪಂಜರದಲ್ಲಿ ನಾಲ್ಕು, ರೆಕ್ಕೆ ಬಿಚ್ಚಲು ಜಾಗವಿಲ್ಲ. ಅಲ್ಲಿ ಚಳಿಗಾಲವೇ ಇರಲಿಲ್ಲ. ನಸುಕಿನ ನಾಲ್ಕಕ್ಕೆ ಶೆಡ್ಡಿನ ಬಲ್ಬುಗಳು ಒಮ್ಮೆಲೇ ಹತ್ತುತ್ತಿದ್ದವು, ರಾತ್ರಿ ಎಂಟಕ್ಕೆ ಆರುತ್ತಿದ್ದವು. ಹದಿನಾರು ತಾಸಿನ ಹಗಲು, ವರ್ಷ ಪೂರ್ತಿ. ಕೋಳಿ ಬೆಳಕನ್ನು ಕಣ್ಣಿನಿಂದಷ್ಟೇ ಅಲ್ಲ, ತಲೆಬುರುಡೆಯ ಮೂಲಕವೂ ತಿಳಿಯುತ್ತದೆ. ತೆಳ್ಳನೆಯ ಮೂಳೆ ದಾಟಿ ಬೆಳಕು ಮಿದುಳಿಗೆ ಮುಟ್ಟುತ್ತದೆ, ಅಲ್ಲಿಂದ ಅಂಡಾಶಯಕ್ಕೆ ಅಪ್ಪಣೆ ಹೋಗುತ್ತದೆ. ಹಗಲು ಹದಿನಾಲ್ಕು ತಾಸು ದಾಟಿದರೆ ಇಡು, ಗಿಡ್ಡವಾಗುತ್ತ ಹೋದರೆ ನಿಲ್ಲಿಸು. ಚಳಿಗಿಂತ ಕತ್ತಲೆ ಅದಕ್ಕೆ ದೊಡ್ಡ ಮಾತು. ಕಾಳು ಸಾಕಷ್ಟಿದ್ದರೆ ಗರಿ ಹೊದ್ದ ಕೋಳಿ ನಮ್ಮ ಕೋಹೀರದ ಚಳಿಯನ್ನೂ ತಡೆಯುತ್ತದೆ, ತೆಲಂಗಾಣಕ್ಕೇ ಅತಿ ಥಂಡಿ ಎಂದು ಕೆಲವು ವರ್ಷ ಟಿವಿಯಲ್ಲಿ ತೋರಿಸುವ ಕೋಹೀರ ಅದು. ಇದನ್ನೆಲ್ಲ ಕಲಿತು ನಾನು ದೊಡ್ಡವನಾದೆ. ಎಪ್ಪತ್ತೆರಡು ವಾರ ದಾಟಿದ ಕೋಳಿಗಳನ್ನು ಲಾರಿಗೆ ತುಂಬಿಸುವ ಕೆಲಸವೂ ನನ್ನದೇ ಇತ್ತು. ಅದನ್ನು ಊರಿನಲ್ಲಿ ಹೇಳುತ್ತಿರಲಿಲ್ಲ.

1999ರಲ್ಲಿ ಆಗಿನ ಆಂಧ್ರ ಸರ್ಕಾರ ಹೆಂಗಸರಿಗೆ ಗ್ಯಾಸ್ ಕೊಡುವ ‘ದೀಪಂ’ ಯೋಜನೆ ತಂದಿತು. ಮರುವರ್ಷ ನಮ್ಮ ಮನೆಗೂ ಸಿಲಿಂಡರು ಬಂತು. ಗ್ಯಾಸು ಬಂದ ಮೇಲೆ ಮಣ್ಣಿನ ಅಡುಗೆಮನೆ ಯಾಕೆ? ಕೆಡವಿದೆವು. ಸಿಮೆಂಟು ಗೋಡೆ, ನಿಂತು ಅಡುಗೆ ಮಾಡುವ ಕಟ್ಟೆ. ಹೊಗೆ ಹೋಯಿತು, ಅವ್ವನಿಗೆ ಅದರಿಂದ ಆದ ಸುಖವನ್ನು ನಾನು ಕಣ್ಣಾರೆ ನೋಡಿದ್ದೇನೆ, ಹಳೆಯ ಒಲೆಯ ಗುಣಗಾನಕ್ಕೆ ನನ್ನ ಬಾಯಿ ಏಳುವುದಿಲ್ಲ. ಆಯಿಯ ಕೆಮ್ಮು ಮಾತ್ರ ಹೋಗಲಿಲ್ಲ, ಅದು ಐವತ್ತು ವರ್ಷದ ಹೊಗೆ.

ಕೋಳಿಗೂಡನ್ನು ಕಟ್ಟಿದವನು ನಾನು. ಅಕ್ಕನ ಮನೆ ತಾಂಡೂರಿನಲ್ಲಿ, ಭಾವನಿಗೆ ಕಲ್ಲಿನ ಗಣಿಯಲ್ಲಿ ಕೆಲಸ. ಒಡಕು ಬಂದದ್ದನ್ನು ಅಗ್ಗಕ್ಕೆ ಕೊಡಿಸುತ್ತೇನೆಂದ. ಟ್ರ್ಯಾಕ್ಟರಿನಲ್ಲಿ ಹನ್ನೆರಡು ಚಪ್ಪಡಿ ಬಂದವು, ನುಣ್ಣನೆಯ ನೀಲಿ ಕಲ್ಲು, ನೆಲಕ್ಕೆ ಎರಡು, ಮಾಡಿಗೆ ಮೂರು, ಸುತ್ತ ಗೋಡೆಗೆ ಉಳಿದವು. ಅಂಗಳದ ಮೂಲೆಯಲ್ಲಿ ಗೂಡು ನಿಂತಾಗ ಊರವರು ನೋಡಲು ಬಂದರು. ಹಾವು ನುಗ್ಗದು, ಕಾಡುಬೆಕ್ಕು ನುಗ್ಗದು, ಹೇನು ಕೂರಲು ಸಂದಿಯಿಲ್ಲ. ಆಯಿ ಒಳಗೆ ಕೈಯಾಡಿಸಿ ನೋಡಿ, “ಗೋರಿ ಆದಂಗ ಅದ” ಎಂದಳು. ಹಳೆ ಕಾಲದವಳು ಎಂದು ನಕ್ಕೆ.

ಆ ಥಂಡಿಯಲ್ಲಿ ಒಂದೂ ತತ್ತಿ ಬರಲಿಲ್ಲ.

ಕಲ್ಲು ರಾತ್ರಿ ಮಂಜಾಗುತ್ತದೆಂದು ಕಣಕಿ ಹಾಸಿದೆ. ಬರಲಿಲ್ಲ. ಫಾರ್ಮಿನಿಂದ ಮೇವು ತಂದೆ. ಬರಲಿಲ್ಲ. ಕೊನೆಗೆ ನನ್ನ ವಿದ್ಯೆ ನೆನಪಾಗಿ ಬಲ್ಬು ಕಟ್ಟಿದೆ. ಎರಡು ವಾರದಲ್ಲಿ ಒಂದು ಹ್ಯಾಟಿ ಇಟ್ಟಿತು, ಮತ್ತೊಂದು ಕೆಂಪೇರಿತು. ನಾನು ಎದೆಯುಬ್ಬಿಸಿಕೊಂಡು ಡ್ಯೂಟಿಗೆ ಹೋದೆ. ಆಮೇಲೆ ನಮ್ಮೂರಿನ ಕರೆಂಟು ತನ್ನ ಬುದ್ಧಿ ತೋರಿಸಿತು. ಒಂದು ದಿನ ನಸುಕಿನಲ್ಲಿ ಇರುತ್ತಿತ್ತು, ಮೂರು ದಿನ ಇರುತ್ತಿರಲಿಲ್ಲ. ಹಗಲು ಹೀಗೆ ಹಿಗ್ಗಿ ಕುಗ್ಗಿದರೆ ಕೋಳಿಗೆ ಬೆಳಕು ಹಾಕದಿರುವುದಕ್ಕಿಂತ ಕೆಡುಕು. ಇದ್ದ ಗರಿಯನ್ನೂ ಉದುರಿಸಿ ಕೂತವು. “ನಿನ್ನ ಬಿಜಲಿ ತತ್ತಿ ಸಾಕಪ್ಪಾ” ಎಂದು ಆಯಿ ವೈರು ಕಿತ್ತು ಸುತ್ತಿಟ್ಟಳು. ಮುಂದಿನ ಮಳೆಗಾಲದಲ್ಲಿ ಕೊಕ್ಕರೆ ರೋಗ ಬಂದು ವಾರದೊಳಗೆ ಗೂಡು ಖಾಲಿ. ಫಾರ್ಮಿನಲ್ಲಿ ಸಾವಿರಗಟ್ಟಲೆ ಕೋಳಿಗಳಿಗೆ ಲಸಿಕೆ ಹಾಕಿಸುತ್ತಿದ್ದವನು ಮನೆಯ ಎಂಟಕ್ಕೆ ಹಾಕಿಸಿರಲಿಲ್ಲ. ಆಯಿ ಮತ್ತೆ ಸಾಕಲಿಲ್ಲ. ತಂಬಾಕಿಗೆ ಅಪ್ಪನ ಮುಂದೆ ಕೈಚಾಚುವುದನ್ನು ಅವಳು ಆಗ ಕಲಿತದ್ದು, ಅರವತ್ತೈದು ದಾಟಿದ ಮೇಲೆ.

ಇಷ್ಟು ವರ್ಷ ಈ ಕತೆಯನ್ನು ಕರೆಂಟಿನ ಕತೆಯೆಂದು ಹೇಳಿಕೊಂಡು ಬಂದಿದ್ದೆ. ಹುಳ ಇಲ್ಲವಾದದ್ದು, ಕಲ್ಲು ತಣ್ಣಗಾದದ್ದು, ಕರೆಂಟು ಕೈಕೊಟ್ಟದ್ದು. ಸೊಸೆಯಾಗಿ ಬಂದ ಕಾಲದಿಂದ ಮುದುಕಿಯಾಗುವ ತನಕ ಆಯಿ ನಾಲ್ಕಕ್ಕೆ ಏಳುತ್ತಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹುಂಜ ಮೊದಲ ಸಲ ಕೂಗಿದಾಗ ಎದ್ದು, ಚಿಮಣಿ ಹಚ್ಚಿ ಮಾಡದಲ್ಲಿಟ್ಟು, ಒಲೆಗೆ ತೊಗರಿ ಕಟ್ಟಿಗೆ ತುರುಕಿ, ಕಳೆಗೆ, ರಾಶಿಗೆ ಹೋಗುವವರಿಗೆಲ್ಲ ರೊಟ್ಟಿ ಬಡಿಯುತ್ತಿದ್ದಳು. ಮೂವತ್ತು, ನಲವತ್ತು ರೊಟ್ಟಿ. ತೊಗರಿ ಕಟ್ಟಿಗೆ ಭಗ್ಗನೆ ಉರಿಯುತ್ತದೆ, ಅಡುಗೆಮನೆಯೆಲ್ಲ ಕೆಂಪು ಬೆಳಕು. ಕೌದಿಯೊಳಗಿನಿಂದ ನಾನು ನೋಡುತ್ತ ಮಲಗಿರುತ್ತಿದ್ದೆ. ಬೆಳಕು ಬಿದಿರಿನ ತಟ್ಟಿಯ ಮೇಲೆ ಪಟ್ಟೆಪಟ್ಟೆಯಾಗಿ ಆಡುತ್ತಿತ್ತು, ಒಳಗೆ ಕೋಳಿಗಳು ಆಗಲೇ ಎದ್ದು ಕೊಕ್ ಕೊಕ್ ಅನ್ನುತ್ತಿದ್ದವು.

ಫೋನು ಇಟ್ಟ ಮೇಲೆ ಲೆಕ್ಕ ಹಾಕಿದೆ. ನಮ್ಮ ಕಡೆ ಡಿಸೆಂಬರಿನ ಕೊನೆಗೆ ಹೊತ್ತು ಹುಟ್ಟುವುದು ಆರೂಮುಕ್ಕಾಲಿನ ಹತ್ತಿರ, ಮುಳುಗುವುದು ಐದೂಮುಕ್ಕಾಲು ದಾಟಿ. ಹನ್ನೊಂದು ತಾಸಿನ ಹಗಲು. ಅದಕ್ಕೆ ನಸುಕಿನ ನಾಲ್ಕಕ್ಕೆ ಹಚ್ಚಿದ ಒಲೆ ಸೇರಿಸಿ: ಹದಿನಾಲ್ಕಕ್ಕೆ ಚೂರು ಕಡಿಮೆ. ಕೋಳಿಗೆ ಬೇಕಾದ ಬೆಳಕು ಬಹಳವೇನಲ್ಲ, ಕಾಳು ಕಾಣುವಷ್ಟಿದ್ದರೆ ನಡೆಯುತ್ತದೆ. ಮೂರು ಹೆಜ್ಜೆ ದೂರದ ಉರಿ, ಮೇಲೆ ಒಂದು ಚಿಮಣಿ. ನಾರಾಯಣಖೇಡದ ಹುಣಸೆ ಮರದಲ್ಲಿ ಅದೇ ತಳಿಗೆ ಹನ್ನೊಂದೇ ತಾಸು.

ಒಲೆಯದೇ ಪೂರ್ತಿ ಮಹಿಮೆ ಎಂದು ಆಣೆ ಮಾಡಲಾರೆ. ಡಿಸೆಂಬರಿನ ಹಗಲು ಆರು ತಾಸಿಗೆ ಇಳಿಯುವ ಸ್ವೀಡನ್ನಿನಂಥ ದೇಶ ನಮ್ಮದಲ್ಲ; ನಮ್ಮ ಬೇಸಿಗೆಗೂ ಚಳಿಗಾಲಕ್ಕೂ ಹಗಲಿನ ಅಂತರ ಎರಡೇ ತಾಸು. ಜವಾರಿ ಕೋಳಿ ಬೆಳಕಿಗಿಂತ ಹೊಟ್ಟೆಯ ಮಾತನ್ನೂ ಕಾವಿನ ಮಾತನ್ನೂ ಹೆಚ್ಚು ಕೇಳುತ್ತದೆ. ಹುಳದ ಪಾಲು ಇತ್ತು, ಬೆಚ್ಚಗಿನ ಗೋಡೆಯ ಪಾಲಿತ್ತು, ಸುಣ್ಣದ ಪಾಲೂ ಇತ್ತು. ಆದರೆ ಅವನ್ನೆಲ್ಲ ನಾನು ಒಂದೊಂದಾಗಿ ಎಣಿಸಿದ್ದೆ, ನಾಲ್ಕು ಗಂಟೆಯನ್ನು ಮಾತ್ರ ಎಣಿಸಿರಲಿಲ್ಲ. ಫಾರ್ಮಿನಲ್ಲಿ ಅದಕ್ಕೆ ಟೈಮರು ಇತ್ತು, ಕರೆಂಟು ಬಿಲ್ಲು ಇತ್ತು, ರಿಜಿಸ್ಟರಿನಲ್ಲಿ ಒಂದು ಕಾಲಮ್ಮೂ ಇತ್ತು.

ಸಂಕ್ರಾಂತಿಗೆ ಊರಿಗೆ ಹೋದೆ. ಜಹೀರಾಬಾದಿನಲ್ಲಿ ಇಳಿದು ಎಲೆಕ್ಟ್ರಿಕ್ ಅಂಗಡಿಯಿಂದ ಒಂದು ಟೈಮರು, ಐದು ವ್ಯಾಟಿನ ಹಳದಿ ಬೆಳಕಿನ ಬಲ್ಬು ಕೊಂಡೆ. ನನ್ನ ಕಲ್ಲಿನ ಗೂಡು ಈಗಿಲ್ಲ. ಮಾಡಿನ ಚಪ್ಪಡಿಯ ಮೇಲೆ ವೈನಿ ಬಟ್ಟೆ ಒಗೆಯುತ್ತಾಳೆ, ಉಳಿದವು ಬಾಗಿಲ ಮುಂದಿನ ಕಟ್ಟೆಯಾಗಿವೆ. ಹುಡುಗಿ ಕಟ್ಟಿಸಿರುವುದು ಕಬ್ಬಿಣದ ಜಾಲಿಯ ಗೂಡು, ಮೇಲೆ ತಗಡು, ಕೆಳಗೆ ತೊಗರಿ ಹೊಟ್ಟು. ಚೊಕ್ಕಟವಾಗಿದೆ. ಲಸಿಕೆಯ ತಾರೀಖುಗಳನ್ನು ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದಿದ್ದಳು. ಇನ್ನೂರು ರೂಪಾಯಿ ಕಡಿಮೆ ಬಿದ್ದಿತೆಂದು ಯಾರಿಗೋ ಫೋನಿನಲ್ಲಿ ಗದರಿಸುತ್ತಿದ್ದಳು. ಆ ದನಿ ನನಗೆ ಗುರುತಿತ್ತು.

ಒಮ್ಮೆಲೇ ನಾಲ್ಕಕ್ಕೆ ಹಚ್ಚಬೇಡ, ಮೊದಲ ವಾರ ಆರಕ್ಕೆ ಇಡು, ಆಮೇಲೆ ಅರ್ಧರ್ಧ ತಾಸು ಹಿಂದೆ ಸರಿಸು ಎಂದು ಹೇಳಿಕೊಟ್ಟೆ. ಅವಳಿಗೆ ಅಷ್ಟು ತಾಳ್ಮೆ ಎಲ್ಲಿ? ನಾನು ಮಲಗಿದ ಮೇಲೆ ನಾಲ್ಕಕ್ಕೇ ತಿರುಗಿಸಿಟ್ಟಿದ್ದಳು.

ನಸುಕಿನಲ್ಲಿ ಪಾತ್ರೆಯ ಸಪ್ಪಳಕ್ಕೆ ಎಚ್ಚರವಾಯಿತು. ಅಂಗಳದ ಬೆಳಕು ಕಿಟಕಿಯಿಂದ ನೇರವಾಗಿ ಮನೆಯೊಳಗೆ ಬಿದ್ದಿತ್ತು. ವೈನಿ ಎದ್ದು ಮುಖ ತೊಳೆದು ಗ್ಯಾಸಿನ ಮೇಲೆ ನೀರಿಟ್ಟಿದ್ದಳು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು.

“ಹೊತ್ತು ಏರೇದಂತ ಎದ್ದೆ ನೋಡ್ರಿ” ಎಂದಳು.

“ಇನ್ನ ಎರಡು ತಾಸು ಅದ ವೈನಿ, ಮಲಗ್ರಿ.”

“ಎದ್ದಮ್ಯಾಲ ಮತ್ತೇನ್ ಮಲಗೋದು” ಎಂದು ಹಿಟ್ಟಿನ ಡಬ್ಬಿ ಕೆಳಗಿಳಿಸಿದಳು.

ಹೊರಗೆ ಹನ್ನೆರಡೂ ಕೋಳಿಗಳು ಜಾಲಿಯ ಹತ್ತಿರ ಬಂದು ನಿಂತಿದ್ದವು. ನಾನು ಬೆಳಗಾಗುವ ತನಕ ಕಾದು, ಏಣಿ ಇಟ್ಟು ಬಲ್ಬನ್ನು ಗೂಡಿನ ಆಚೆ ಮೂಲೆಗೆ ಸರಿಸಿದೆ. ಮನೆಯ ಕಡೆಯ ಜಾಲಿಗೆ ಎರಡು ಗೋಣಿಚೀಲ ಹೊಲಿದು ಕಟ್ಟಿದೆ.